ಕರಿಹಲಗೆ ಕಾಣದ ವಿದ್ಯಾರ್ಥಿನಿಗೆ ಪಾಠ ಹೇಳುವ ಬಗೆ

ನಮ್ಮಿಂದಾದ ಒಂದು ತಪ್ಪನ್ನು ಒಪ್ಪಿಕೊಂಡು ಈ ಲೇಖನವನ್ನು ಆರಂಭಿಸುವದು ಒಳ್ಳೇದು. ಕೆಲವು ವರ್ಷಗಳ ಕೆಳಗೆ ತಂದೆಯೊಬ್ಬರು ದೃಷ್ಟಿಯಿಲ್ಲದ ತಮ್ಮ ಮಗಳನ್ನು ಕರಕೊಂಡು ನಮ್ಮ ಶಾಲೆಗೆ ಬಂದಿದ್ದರು. "ಇಂಥವರಿಗೆ ಬೇರೆ ಶಾಲೆಗಳುಂಟು, ಅಲ್ಲಿ ಸೇರಿಸಿರಿ" ಎಂದು ನಾವು ಮೃದುವಾದ ಮಾತುಗಳಿಂದಲೇ ಅವರನ್ನು ಸಾಗಹಾಕಿದೆವು. ಆ ಹುಡುಗಿಯು ಆಮೇಲೆ ಯಾವ ಶಾಲೆಯ ಮೆಟ್ಟಲನ್ನೂ ಹತ್ತಲಿಲ್ಲವೆಂದು ಬಹುದಿನಗಳ ತರುವಾಯ ನಮಗೆ ತಿಳಿದುಬಂತು.

ಬೇರೆ ಶಾಲೆಗಳು ಮಾಡಿದ ಉಪಕಾರವನ್ನು ನಾವು ಅಲ್ಲಗಳೆಯುವದಿಲ್ಲ. ಮೈಸೂರಿನಲ್ಲಿ ಕಿವುಡ ಹಾಗೂ ಅಂಧ ಮಕ್ಕಳ ಶಾಲೆಯು 1901ನೆಯ ಇಸವಿಯಲ್ಲಿಯೇ ಆರಂಭವಾಯಿತು. ನಮ್ಮ ಹುಬ್ಬಳ್ಳಿಯಲ್ಲಿಯೂ ಸರಕಾರದ ಅಂಧ ಮಕ್ಕಳ ಶಾಲೆಯುಂಟು. ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನಂತೂ ಹೇಳುವದೇ ಬೇಡ. ಸ್ವತಃ ದೃಷ್ಟಿಹೀನರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ (1914–2010) ಎಷ್ಟೋ ಅಂಧ ಬಾಲಕರನ್ನು ಸಂಗೀತಗಾರರನ್ನಾಗಿ ಮಾಡಿದರು. ಆದರೆ ಮಗಳನ್ನು ದೂರದ ವಸತಿಗೃಹದಲ್ಲಿ ಬಿಡಲೊಲ್ಲದ ಪಾಲಕರು ಬಹಳ. ಅಂಥ ಮನೆಯ ಹುಡುಗಿಗೆ ಹತ್ತಿರದ ಶಾಲೆಯು ಬಾಗಿಲು ಮುಚ್ಚಿದರೆ ವಿದ್ಯೆಯೇ ಮುಚ್ಚಿದಂತೆ. ವಿಕಲಚೇತನರ ಹಕ್ಕುಗಳನ್ನು ಕುರಿತ 2016ನೆಯ ಇಸವಿಯ ಕಾನೂನು ಸರಕಾರದ ಅನುದಾನವನ್ನಾಗಲಿ ಮನ್ನಣೆಯನ್ನಾಗಲಿ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕೆನ್ನುತ್ತದೆ.

ಆದಕಾರಣ ಎರಡನೆಯ ಹುಡುಗಿಯು ಎಂಟನೆಯ ಇಯತ್ತೆಗೆ ಬಂದಾಗ ನಾವು ಸೇರಿಸಿಕೊಂಡೆವು. ಅವಳ ತಾಯಿ ಅಂದದ್ದಿಷ್ಟೇ: "ಅಕ್ಕಾರ, ಆಕಿ ಎಲ್ಲಾ ಕಿವೀಲೆ ಹಿಡಿತಾಳ್ರಿ. ನೀವು ಬಾಯಿ ಬಿಟ್ಟು ಹೇಳಿದ್ರ ಸಾಕ್ರಿ." ನಾವು ಹುಡುಗಿಯನ್ನು ಮೊದಲನೆಯ ಬೆಂಚಿನಲ್ಲಿ ಕುಳ್ಳಿರಿಸಿ ಕರ್ತವ್ಯ ತೀರಿತೆಂದು ತಿಳಿದೆವು. ಮೊದಲ ಪರೀಕ್ಷೆಯಲ್ಲಿ ಅವಳಿಗೆ ಗಣಿತದಲ್ಲಿ ಏನೂ ಬರಲಿಲ್ಲ.

ಕಾರಣವೇನೆಂದು ನೋಡಲು ನಾವು ಒಂದು ದಿನ ವರ್ಗದ ಹಿಂದೆ ಕುಳಿತು, ಕಣ್ಣು ಮುಚ್ಚಿ ಪಾಠ ಕೇಳಿದೆವು. "ಇದನ್ನು ಈ ಕಡೆಗೆ ಒಯ್ದರೆ ಅದು ಹೀಗಾಗುವದು, ಇದರಿಂದ ಭಾಗಿಸಿದರೆ ಇಷ್ಟು" — ಇದೇ ಆ ದಿನದ ಬೀಜಗಣಿತ! ಶಿಕ್ಷಕಿಯರನ್ನು ದೂರಲಾರೆವು, ಇಪ್ಪತ್ತು ವರ್ಷ ನಾವೂ ಹೀಗೆಯೇ ಕಲಿಸಿದ್ದೇವೆ. ಮರುದಿನದಿಂದ ಬರೆದುದೆಲ್ಲವನ್ನು ಬಾಯಿಂದ ಹೇಳಬೇಕೆಂದು ಗೊತ್ತುಪಡಿಸಿದೆವು: "ಎರಡು ಎಕ್ಸ್ ಕೂಡಿಸು ಮೂರು, ಸಮ ಹನ್ನೊಂದು. ಮೂರನ್ನು ಎರಡೂ ಬದಿಯಿಂದ ಕಳೆದರೆ ಎರಡು ಎಕ್ಸ್ ಸಮ ಎಂಟು." ಹಿಂದಿನ ಬೆಂಚಿನ ಹುಡುಗಿಯರೂ ಇದರಿಂದ ಚುರುಕಾದರು. ಅವರಲ್ಲಿ ಇಬ್ಬರಿಗೆ ಹಲಗೆಯು ಮಸುಕಾಗಿ ಕಾಣುತ್ತಿತ್ತೆಂಬದು ನಮಗೆ ಆಗಲೇ ಗೊತ್ತಾದದ್ದು.

ರೇಖಾಗಣಿತಕ್ಕೆ ಹೆಚ್ಚಿನ ವೆಚ್ಚ ಬೇಕಿಲ್ಲ. ಹೊಲಿಗೆಯವರು ಬಟ್ಟೆಗೆ ಗುರುತು ಹಾಕುವ ಹಲ್ಲುಚಕ್ರವನ್ನು ದಪ್ಪ ಕಾಗದದ ಹಿಂಬದಿಯಲ್ಲಿ ಹೊರಳಿಸಿದರೆ ಮುಂಬದಿಯಲ್ಲಿ ಗೆರೆಯು ಉಬ್ಬಿ ಬೆರಳಿಗೆ ಸಿಕ್ಕುತ್ತದೆ. ಭೂಪಟದ ನದಿಗಳಿಗೆ ಉಣ್ಣೆಯ ದಾರ ಅಂಟಿಸಿದರಾಯಿತು.

ಇನ್ನು ಓದುಬರಹದ ಮಾತು. ಫ್ರಾನ್ಸ್ ದೇಶದ ಲೂಯಿ ಬ್ರೈಲನು ತನ್ನ ಹದಿನೈದನೆಯ ವಯಸ್ಸಿನಲ್ಲಿ, 1824ರಲ್ಲಿ, ಆರು ಚುಕ್ಕೆಗಳ ಲಿಪಿಯನ್ನು ಕಂಡುಹಿಡಿದನು. ನಮ್ಮ ದೇಶದಲ್ಲಿ ಮೊದಲು ನಾನಾ ತೆರನಾದ ಚುಕ್ಕೆಲಿಪಿಗಳಿದ್ದವು; 1951ರಲ್ಲಿ ಎಲ್ಲ ಭಾಷೆಗಳಿಗೂ ಹೊಂದುವ ಭಾರತಿ ಬ್ರೈಲ್ ಗೊತ್ತಾಯಿತು. ಒಂದೊಂದು ಮನೆಯಲ್ಲಿ ಎಡಸಾಲಿನ ಚುಕ್ಕೆಗಳು 1, 2, 3. ಬಲಸಾಲಿನವು 4, 5, 6. ಇವುಗಳಿಂದ 63 ರೂಪಗಳಾಗುತ್ತವೆ. 1ನೆಯ ಚುಕ್ಕೆಯೊಂದೇ ಇದ್ದರೆ 'ಅ'. 1 ಮತ್ತು 3 ಕೂಡಿದರೆ 'ಕ'. 'ಕಿ' ಎಂದು ಬರೆಯಲು 'ಕ'ದ ಮುಂದೆ 'ಇ' ಇಡುವದು. ಒತ್ತಕ್ಷರವು ಕೆಳಗೆ ಹೋಗುವದಿಲ್ಲ. 'ಅಕ್ಕ' ಎಂಬುದಕ್ಕೆ ಮೊದಲು ಅ, ಬಳಿಕ ಅರ್ಧಾಕ್ಷರವನ್ನು ತೋರಿಸುವ 4ನೆಯ ಚುಕ್ಕೆ, ಬಳಿಕ ಕ, ಮತ್ತೆ ಕ. ಹೀಗೆ ಒಂದೇ ಸಾಲಿನಲ್ಲಿ ನಾಲ್ಕು ಮನೆಗಳು. ನಮ್ಮ ಕನ್ನಡ ಶಿಕ್ಷಕಿಯು "ಕಕ್ಕೆ ಕೆಳಗೆ ಒತ್ತು ಕೊಡು" ಅಂದಾಗ ಆ ಹುಡುಗಿಯು "ಕೆಳಗ ಅಂದ್ರ ಎಲ್ರೀ ಅಕ್ಕಾರ?" ಎಂದು ಕೇಳಿದಳು. ಶಿಕ್ಷಕಿಯು ಆ ದೀಪಾವಳಿಯ ರಜೆಯಲ್ಲಿ ಬ್ರೈಲ್ ಅಕ್ಷರಮಾಲೆಯನ್ನು ತಾನೇ ಕಲಿತಳು. ಪಟ್ಟಿಯ ಮೇಲೆ ಮೊಳೆಯಿಂದ ಒತ್ತಿ ಬರೆಯುವಾಗ ಬಲದಿಂದ ಎಡಕ್ಕೆ ಸಾಗಬೇಕು, ಯಾಕಂದರೆ ಕಾಗದವನ್ನು ಮಗುಚಿ ಓದುವದು ಎಡದಿಂದ ಬಲಕ್ಕೆ.

"ಮೊಬೈಲೇ ಓದಿ ಹೇಳುವಾಗ ಈ ಚುಕ್ಕೆಗಳೇಕೆ?" ಎಂದು ಪಾಲಕರು ಕೇಳುತ್ತಾರೆ. ಪರದೆಯ ಮೇಲಿನ ಕನ್ನಡವನ್ನು ಗಟ್ಟಿಯಾಗಿ ಓದುವ ಸೌಕರ್ಯವು ಈಗ ಸಾಮಾನ್ಯ ಮೊಬೈಲಿನಲ್ಲಿಯೇ ಉಂಟು, ಕಂಪ್ಯೂಟರಿಗೆ ಎನ್.ವಿ.ಡಿ.ಎ. ಎಂಬ ತಂತ್ರಾಂಶವು ಪುಕ್ಕಟೆಯಾಗಿ ದೊರೆಯುತ್ತದೆ. ದೊಡ್ಡ ಪುಸ್ತಕಗಳಿಗೆ ಇದು ದೊಡ್ಡ ವರವೇ ಸರಿ. ಆದರೆ ಕೇಳಿ ಮಾತ್ರ ಕಲಿತವಳಿಗೆ 'ಭಾಷೆ'ಯಲ್ಲಿ ಶ ಬರುವದೋ ಷ ಬರುವದೋ ತಿಳಿಯದು. ನಮ್ಮ ಹುಡುಗಿಯು ಬ್ರೈಲ್ ಬಿಟ್ಟು ಮೊಬೈಲನ್ನೇ ನೆಚ್ಚಿದ ಆರು ತಿಂಗಳಲ್ಲಿ ಅವಳ ಶುದ್ಧಲೇಖನವು ಕೆಟ್ಟಿತು. ಓದಲು ಕಿವಿ ಸಾಕು, ಬರೆಯಲು ಬೆರಳು ಬೇಕೆಂಬದು ನಮ್ಮ ಮತ.

ಯಂತ್ರಕ್ಕೂ ನಮ್ಮ ಸಹಾಯ ಬೇಕು. ನಾವು ಹಳೆಯ ಪದ್ಧತಿಯ ಅಕ್ಷರಗಳಲ್ಲಿ ಟೈಪು ಮಾಡಿಸಿದ ಪ್ರಶ್ನಪತ್ರಿಕೆಯನ್ನು ಮೊಬೈಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಓದಿತು. ವರ್ಗವೆಲ್ಲ ನಕ್ಕಿತು, ಅವಳೊಬ್ಬಳು ನಗಲಿಲ್ಲ. ಯುನಿಕೋಡಿನಲ್ಲಿ ಟೈಪು ಮಾಡಿದ್ದನ್ನು ಅದು ಸರಿಯಾಗಿ ಓದುತ್ತದೆ. ಪುಟದ ಫೋಟೋ ತೆಗೆದು ಕಳಿಸಿದರೆ ಅದು ಬರಿಯ ಚಿತ್ರ. ಚಿತ್ರದಿಂದ ಅಕ್ಷರಗಳನ್ನು ಬಿಡಿಸುವ ಬೇರೆ ತಂತ್ರಾಂಶವಿಲ್ಲದೆ ಓದಿಸಲಾಗದು, ಬಿಡಿಸಿದರೂ ತಪ್ಪುಗಳನ್ನು ತಿದ್ದಬೇಕಾಗುವದು.

ಈಗ ಅವಳು ಹತ್ತನೆಯ ಇಯತ್ತೆಯಲ್ಲಿದ್ದಾಳೆ. ಪರೀಕ್ಷೆಯಲ್ಲಿ ಇಂಥವರು ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರನ್ನು ಪಡೆಯಬಹುದು. ಕೇಂದ್ರ ಸರಕಾರದ ನಿಯಮದಂತೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದ ಹೆಚ್ಚಿನ ಸಮಯವೂ ಉಂಟು, ಅಂದರೆ ಮೂರು ತಾಸಿನ ಪತ್ರಿಕೆಗೆ ಇನ್ನೊಂದು ತಾಸು. ಆದರೆ ಹೇಳಿ ಬರೆಸುವದೂ ಒಂದು ವಿದ್ಯೆಯೇ. "ಇಲ್ಲಿ ಹೊಸ ಸಾಲು, ಇಲ್ಲಿ ಕಂಸ" ಎಂದು ಹೇಳುವ ರೂಢಿಯು ಪರೀಕ್ಷೆಯ ದಿನ ಒಮ್ಮೆಲೆ ಬರಲಾರದು. ಅದಕ್ಕಾಗಿ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ವಾರಕ್ಕೆರಡು ಸಲ ಅವಳ ಜೊತೆಗೆ ಕುಳಿತು ಬರೆಯುತ್ತಾಳೆ. ಇಬ್ಬರೂ ಜಗಳಾಡುವದುಂಟು, ಹೆಚ್ಚಾಗಿ ಅಲ್ಪವಿರಾಮಗಳ ವಿಷಯವಾಗಿ.

ಹಳೆಯ ವಿದ್ಯಾರ್ಥಿನಿಯರಲ್ಲಿ ನಮ್ಮದೊಂದು ಬಿನ್ನಹ. ಸಮಾಜವಿಜ್ಞಾನದ ಟಿಪ್ಪಣಿಗಳು ಇನ್ನೂ ಕೈಬರಹದಲ್ಲಿಯೇ ಉಳಿದಿವೆ. ಯುನಿಕೋಡಿನಲ್ಲಿ ಕನ್ನಡ ಟೈಪು ಬಲ್ಲವರು ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ತಾಸು ಬಂದರೆ ಸಾಕು. ಚಹಾದ ವ್ಯವಸ್ಥೆಯನ್ನು ನಾವು ಮಾಡುವೆವು.