ಗಿಡದೊಳಗಿನ ಕಳ್ಳ

ಅಕ್ಕಂದಿರೇ, ನಾವು ಕಾಫಿ ಸೀಮೆಯವರು. ಕೆಲವರಿಗೆ ಸ್ವಂತ ತೋಟ ಇದೆ. ಹಲವರು ಕೂಲಿಗೆ ಹೋಗುತ್ತೇವೆ. ತೋಟ ಕೆಟ್ಟರೆ ಇಬ್ಬರಿಗೂ ಕಷ್ಟ.

ನಮ್ಮ ಕಲಿಕಾ ಕೇಂದ್ರದ ಅಕ್ಕ ಒಬ್ಬರು ಮಗಳ ಮದುವೆ ಸಾಲಕ್ಕೆ ಸಿಲ್ವರ್ ಓಕ್ ಮರಗಳನ್ನು ಮಾರಿದರು. ತೋಟಕ್ಕೆ ಬಿಸಿಲು ಬಿತ್ತು. ಆಮೇಲೆ ಕಾಫಿ ಗಿಡಗಳು ಒಂದೊಂದೇ ಹಳದಿಯಾದವು. "ಯಾರದೋ ದೃಷ್ಟಿ ತಾಗ್ತು" ಅಂದರು ಅಕ್ಕ.

ಅದು ದೃಷ್ಟಿ ಅಲ್ಲ. ಅದು ಬಿಳಿ ಕಾಂಡಕೊರಕ. ತೋಟದಲ್ಲಿ ಬೋರರ್ ಅಂತಾರೆ.

ಇದು ಒಂದು ದುಂಬಿ. ಮೈ ಕಪ್ಪು. ರೆಕ್ಕೆಯ ಮೇಲೆ ಬಿಳಿ ಪಟ್ಟೆ. ಅರೇಬಿಕಾ ಗಿಡಕ್ಕೆ ಇದರ ಕಾಟ ಹೆಚ್ಚು. ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ ಬರುತ್ತದೆ. ಮತ್ತೆ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬರುತ್ತದೆ. ಬಿಸಿಲು ಬಿದ್ದ ಕಾಂಡ ಹುಡುಕುತ್ತದೆ. ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ.

ಸುಮಾರು 10 ದಿನಕ್ಕೆ ಮರಿಹುಳು ಬರುತ್ತದೆ. ಮೊದಲು ತೊಗಟೆಯ ಅಡಿಯಲ್ಲಿ ತಿನ್ನುತ್ತದೆ. ಆಮೇಲೆ ಕಾಂಡದ ಒಳಗೆ ಹೋಗಿ ತಿಂಗಳುಗಟ್ಟಲೆ ಕೊರೆಯುತ್ತದೆ. ಕೊರೆದ ದಾರಿಗೆ ಹಿಟ್ಟು ತುಂಬುತ್ತದೆ. ಹಾಗಾಗಿ ಹೊರಗಿನಿಂದ ಔಷಧಿ ಹೊಡೆದರೆ ಒಳಗಿನ ಹುಳುವಿಗೆ ತಾಗುವುದಿಲ್ಲ.

ಕಳ್ಳನನ್ನು ಹಿಡಿಯುವುದು ಹೇಗೆ? ಕಾಂಡ ನೋಡಿ. ದುಡಿದ ಕೈಯ ನರದ ಹಾಗೆ ಉಬ್ಬಿದ ಗೆರೆ ಇದೆಯೇ? ಎಲೆ ಹಳದಿಯಾಗಿ ಬಾಡಿದೆಯೇ? ಹಾಗಿದ್ದರೆ ಒಳಗೆ ಹುಳು ಇರಬಹುದು.

ನಾವು ಏನು ಮಾಡಬೇಕು?

1. ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ಪ್ರತಿ ಗಿಡ ನೋಡಬೇಕು. ಹುಳು ಬಿದ್ದ ಗಿಡವನ್ನು ಬೇರುಸಹಿತ ಕಿತ್ತು ಸುಡಬೇಕು. ಕಾಯಿ ಕಚ್ಚಿದ ಗಿಡ ಕೀಳಲು ಕೈ ಬರುವುದಿಲ್ಲ, ನಿಜ. ಆದರೆ ಒಂದನ್ನು ಉಳಿಸಲು ಹೋದರೆ ಹತ್ತು ಹೋಗುತ್ತವೆ.

2. ಕಿತ್ತ ಗಿಡವನ್ನು ಸೌದೆಗೆ ಅಂತ ಹಿತ್ತಿಲಲ್ಲಿ ಒಟ್ಟಬೇಡಿ. ಸೌದೆಯೊಳಗಿಂದಲೂ ದುಂಬಿ ಹೊರಬಂದು ತೋಟಕ್ಕೆ ಹಾರುತ್ತದೆ.

3. ದುಂಬಿ ಬರುವ ಮೊದಲೇ ಕಾಂಡದ ಸಡಿಲ ತೊಗಟೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯಿರಿ. ಕತ್ತಿ ತಾಗಿಸಬೇಡಿ. ನುಣುಪಾದ ಕಾಂಡದಲ್ಲಿ ಮೊಟ್ಟೆಗೆ ಜಾಗ ಇಲ್ಲ.

4. ನೆರಳು ಕಾಪಾಡಿ. ಮರ ಕಡಿದ ಜಾಗದಲ್ಲಿ ಬೇರೆ ನೆರಳಿನ ಗಿಡ ನೆಡಿ.

ಬಾಳೆಹೊನ್ನೂರಿನ ಬಳಿ ಕಾಫಿ ಸಂಶೋಧನಾ ಕೇಂದ್ರ ಇದೆ. ಅದು 1925ರಲ್ಲಿ ಶುರುವಾಯಿತು. ಸಂಶಯ ಬಂದರೆ ಹತ್ತಿರದ ಕಾಫಿ ಮಂಡಳಿ ಕಚೇರಿಯಲ್ಲಿ ಕೇಳಿ. ಕೇಳಲು ನಾಚಿಕೆ ಬೇಡ.

ಆ ಅಕ್ಕ ಈಗ ಅಂಟುವಾಳದ ಹಾಗೆ ಕಾಂಡ ಉಜ್ಜುತ್ತಾರೆ, ಗೆರೆ ಹುಡುಕುತ್ತಾರೆ. ಕಿತ್ತ ಗಿಡಗಳ ಲೆಕ್ಕವನ್ನು ತಾವೇ ಬರೆದು ಇಡುತ್ತಾರೆ. ನಾವೂ ಬರೆಯೋಣವೇ?

ಓದಿ, ಉತ್ತರ ಹೇಳಿ
1. ದುಂಬಿ ಮೊಟ್ಟೆ ಇಡುವುದು ಎಲ್ಲಿ?
2. ಕಿತ್ತ ಗಿಡವನ್ನು ಯಾಕೆ ಒಟ್ಟಿಡಬಾರದು?
3. ನಿಮ್ಮ ತೋಟದಲ್ಲಿ ಉಬ್ಬುಗೆರೆ ಇರುವ ಗಿಡ ಎಷ್ಟು? ಎಣಿಸಿ ಬರೆಯಿರಿ.