ಸೋಬಾ ಬಂದ ಮೇಲೆ ಕಾಯಬೇಡಿ

ಟೋಕಿಯೋಗೆ ಹೋದರೆ 1880ರಲ್ಲಿ ಶುರುವಾದ ಕಾಂಡಾ ಯಾಬು ಸೋಬಾದಂಥ ಹಳೆಯ ಹೋಟೆಲಿನಲ್ಲಿ ಒಮ್ಮೆಯಾದರೂ ಉಣ್ಣಿ. ಮೊದಲ ಸಲ ತಣ್ಣನೆಯ ಸೋಬಾವನ್ನೇ ಕೇಳಿ. ಬಿದಿರು ಚಾಪೆಯ ಮೇಲೆ ಬಕ್‌ವೀಟ್ ಎಂಬ ಧಾನ್ಯದ ಹಿಟ್ಟಿನ ತೆಳ್ಳನೆಯ ಶಾವಿಗೆ, ಪಕ್ಕದಲ್ಲಿ ಅದ್ದಿಕೊಳ್ಳಲು ಕಪ್ಪು ರಸ ಬರುತ್ತದೆ.

ಮೊದಲ ತುತ್ತನ್ನು ರಸವಿಲ್ಲದೆ ತಿನ್ನಿ; ಬಕ್‌ವೀಟಿನ ಘಮ ಗೊತ್ತಾಗುವುದೇ ಆಗ. ಆಮೇಲೆ ಎಳೆಗಳ ತುದಿಯನ್ನಷ್ಟೇ ಅದ್ದಿ ಸೊರ್ರನೆ ಎಳೆದುಕೊಳ್ಳಿ. ಆ ಸದ್ದಿಗೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಫೋಟೋ, ಹರಟೆ ಎಂದು ತಡಮಾಡಿದರೆ ಎಳೆಗಳು ಅಂಟಿಕೊಂಡು ರುಚಿ ಕೆಡುತ್ತದೆ. ಜೊತೆಗೆ ಬರುವ ಖಾರದ ವಾಸಾಬಿಯನ್ನು ರಸದಲ್ಲಿ ಕಲಕುವ ಬದಲು ಎಳೆಗಳ ಮೇಲೇ ಚೂರು ಇಟ್ಟುಕೊಂಡರೆ ಅದರ ಘಾಟು ಉಳಿಯುತ್ತದೆ.

ಕೊನೆಯಲ್ಲಿ ಪುಟ್ಟ ಪಾತ್ರೆಯಲ್ಲಿ ಮಬ್ಬು ಬಣ್ಣದ ಬಿಸಿನೀರು ಕೊಡುತ್ತಾರೆ. ಸೋಬಾ ಬೇಯಿಸಿದ ನೀರು ಅದು, ಹೆಸರು ಸೋಬಾಯು. ಉಳಿದ ರಸಕ್ಕೆ ಬೆರೆಸಿ ಕುಡಿಯಿರಿ. ಬೇಳೆಯ ಕಟ್ಟನ್ನು ಚೆಲ್ಲದೆ ಸಾರು ಮಾಡುವ ನಮ್ಮವರಿಗೆ ಇದು ಖಂಡಿತ ಹಿಡಿಸುತ್ತದೆ.

ಸಸ್ಯಾಹಾರಿಗಳು ಮಾತ್ರ ಎಚ್ಚರದಿಂದಿರಬೇಕು. ಮೀನಿನ ತುಂಡು ಕಾಣದಿದ್ದರೂ ಆ ಕಪ್ಪು ರಸ ಸಾಮಾನ್ಯವಾಗಿ ತಯಾರಾಗುವುದು ಒಣಗಿಸಿದ ಬೊನಿಟೋ ಮೀನಿನ ಸಾರದಿಂದ. ಬಕ್‌ವೀಟ್ ಅಲರ್ಜಿ ಇರುವವರಿಗಂತೂ ಸೋಬಾ ಪ್ರಾಣಕ್ಕೇ ಕುತ್ತಾಗಬಹುದು. ಆರ್ಡರ್ ಕೊಡುವ ಮೊದಲೇ ಸಂಕೋಚವಿಲ್ಲದೆ ವಿಚಾರಿಸಿಕೊಳ್ಳಿ.