ಕಾರಿನೊಳಗೆ ಬರುವ ಗಾಳಿ

ಹುಬ್ಬಳ್ಳಿಯಿಂದ ಧಾರವಾಡದ ಕಡೆಗೆ ಹೊರಟವರಿಗೆ ಉಣಕಲ್ ಕೆರೆ ದಾಟಿದ ಬಳಿಕ ಬೈರಿದೇವರಕೊಪ್ಪ ಸಿಗುತ್ತದೆ. ಹಳೆಯ ಪುಣೆ-ಬೆಂಗಳೂರು ರಸ್ತೆಯ ಮೇಲಿನ ಈ ಊರಿಗೆ ಧೂಳಿ ಹೊಸದಲ್ಲ. ಮೂಡಲಿಗೆ ಎರೆಭೂಮಿ, ಬೇಸಿಗೆಯಲ್ಲಿ ಬಿರಿದು ಹುಡಿಯಾಗುವ ಮಣ್ಣು. ಹತ್ತಿರದ ಅಮರಗೋಳದ ಮಾರುಕಟ್ಟೆಗೆ ಬರುವ ಲಾರಿಗಳು ಬೇರೆ. 2019ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವನ್ನು ಆರಂಭಿಸಿದಾಗ ಕರ್ನಾಟಕದಿಂದ ಸೇರಿದ ನಾಲ್ಕು ನಗರಗಳಲ್ಲಿ ಹುಬ್ಬಳ್ಳಿ-ಧಾರವಾಡವೂ ಒಂದು. ಉಳಿದ ಮೂರು ಬೆಂಗಳೂರು, ದಾವಣಗೆರೆ ಮತ್ತು ಕಲಬುರಗಿ. ಆದ್ದರಿಂದ ಕಾರಿನ ಕಿಟಕಿಯನ್ನು ಏರಿಸಿ ಕುಳಿತವರು ಎಂಥ ಗಾಳಿಯನ್ನು ಉಸಿರಾಡುತ್ತಾರೆಂಬ ಪ್ರಶ್ನೆ ನಮ್ಮಲ್ಲಿ ಕೇವಲ ಕುತೂಹಲದ್ದಲ್ಲ.

ಮುಂಗಾಜಿನ ಬುಡದಲ್ಲಿರುವ ಸೀಳುಗಳಿಂದ ಹೊರಗಿನ ಗಾಳಿ ಒಳಸೇರುತ್ತದೆ. ಅಲ್ಲಿಂದ ಒಂದು ಫಿಲ್ಟರನ್ನು ಹಾಯ್ದು, ಬ್ಲೋವರಿನ ರಭಸಕ್ಕೆ ಸಿಕ್ಕು, ತಂಪು ಮಾಡುವ ಕಾಯಿಲಿನ ಮೂಲಕ ನಮ್ಮ ಮುಖಕ್ಕೆ ತಲಪುತ್ತದೆ. ಗ್ಯಾರೇಜಿನವರು ಇದನ್ನು ‘ಎ.ಸಿ. ಫಿಲ್ಟರ್’ ಎನ್ನುತ್ತಾರೆ. ಬಾನೆಟ್ಟಿನ ಕೆಳಗೆ ಎಂಜಿನ್ನಿಗೆಂದೇ ಇರುವ ಏರ್ ಫಿಲ್ಟರ್ ಬೇರೆ. ಒಂದನ್ನು ಬದಲಿಸಿ ಎರಡೂ ಆಯಿತೆಂದು ತಿಳಿಯುವವರು ಬಹಳ.

ಫಿಲ್ಟರೆಂದರೆ ಹಿಟ್ಟಿನ ಜರಡಿಯಂತೆ ಎಂದು ನಾವು ಭಾವಿಸುತ್ತೇವೆ. ಜರಡಿ ತನ್ನ ತೂತಿಗಿಂತ ದೊಡ್ಡದನ್ನು ಮಾತ್ರ ತಡೆಯುತ್ತದೆ. ಇಲ್ಲಿಯ ಸಂಗತಿ ಬೇರೆ. ಮಡಿಕೆ ಮಡಿಕೆಯಾಗಿರುವ ಈ ನಾರಿನ ಹಾಳೆಯಲ್ಲಿ ಎಳೆಗಳ ನಡುವಣ ಅಂತರಕ್ಕಿಂತ ಎಷ್ಟೋ ಚಿಕ್ಕ ಕಣಗಳೂ ಸಿಕ್ಕಿಬೀಳುತ್ತವೆ. ದಪ್ಪ ಕಣಗಳು ಗಾಳಿಯೊಡನೆ ತಿರುವು ತೆಗೆದುಕೊಳ್ಳಲಾರದೆ ಎಳೆಗೆ ಬಡಿಯುತ್ತವೆ. ಅತಿ ಸಣ್ಣವು ಗಾಳಿಯ ಅಣುಗಳ ತಾಕಲಾಟದಿಂದ ಅತ್ತಿತ್ತ ಅಲೆದು ಎಳೆಗೆ ಅಂಟುತ್ತವೆ. ಇವೆರಡರ ನಡುವಿನವು, ಅಂದರೆ ಒಂದು ಮೈಕ್ರೋಮೀಟರಿನ ಮೂರನೆಯ ಒಂದು ಭಾಗದ ಆಸುಪಾಸಿನವು, ಹಿಡಿಯಲು ಎಲ್ಲಕ್ಕಿಂತ ಕಠಿಣ. ಅದಕ್ಕಾಗಿ ಅನೇಕ ಫಿಲ್ಟರುಗಳ ಎಳೆಗಳಿಗೆ ವಿದ್ಯುದಾವೇಶವನ್ನು ಕೊಟ್ಟಿರುತ್ತಾರೆ. ಇದ್ದಿಲಿನ ಪುಡಿ ಸೇರಿಸಿದವು ಹೊಗೆಯ ವಾಸನೆಯನ್ನೂ ಸ್ವಲ್ಪ ಹೀರುತ್ತವೆ.

ಫಿಲ್ಟರನ್ನು ತೊಳೆದು ಮತ್ತೆ ಹಾಕಬಹುದೇ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ. ತೊಳೆಯಬಹುದೆಂದು ತಯಾರಕರೇ ಹೇಳಿದ್ದರೆ ಸರಿ. ಇಲ್ಲವಾದರೆ ನೀರು ಎಳೆಯ ಆವೇಶವನ್ನು ಕುಗ್ಗಿಸುತ್ತದೆ, ಗಾಳಿಯ ಪಂಪಿನ ಹೊಡೆತ ಹಾಳೆಯನ್ನು ಹರಿಯುತ್ತದೆ. ಕಣ್ಣಿಗೆ ಚೊಕ್ಕಟ ಕಂಡರೂ ಅದು ಕೆಲಸಕ್ಕೆ ಬಾರದು. ಕೆಲವು ನೂರು ರೂಪಾಯಿಗಳ ವಸ್ತುವಿನಲ್ಲಿ ಈ ಜಿಪುಣತನ ನನಗೆ ಒಪ್ಪಿಗೆಯಿಲ್ಲ.

ಹಳತಾದ ಫಿಲ್ಟರು ಒಂದು ವಿಚಿತ್ರವನ್ನು ತೋರುತ್ತದೆ. ಧೂಳಿ ತುಂಬಿದಂತೆ ಅದು ದಪ್ಪ ಕಣಗಳನ್ನು ಇನ್ನೂ ಚೆನ್ನಾಗಿಯೇ ತಡೆಯುತ್ತದೆ, ಆದರೆ ಗಾಳಿಯನ್ನೂ ತಡೆಯುತ್ತದೆ. ಬ್ಲೋವರಿನ ಸದ್ದು ದೊಡ್ಡದು, ಬರುವ ಗಾಳಿ ಸಣ್ಣದು: ಇದೇ ಮೊದಲ ಲಕ್ಷಣ. ಮಳೆಗಾಲದಲ್ಲಿ ಗಾಜಿನ ಒಳಮೈಗೆ ಕಟ್ಟಿದ ಮಂಜು ಬೇಗ ಬಿಡದಿರುವುದು ಎರಡನೆಯದು. ಇದು ಅಪಾಯದ ಮಾತು. ಜಡಿಮಳೆಯ ರಾತ್ರಿ ಬೈಪಾಸಿನಲ್ಲಿ ಎದುರಿನ ಲಾರಿ ಕಾಣದೆ ಹೋದರೆ ಗತಿಯೇನು? ಬಣ್ಣವನ್ನು ಮಾತ್ರ ನಂಬಬಾರದು. ಇದ್ದಿಲಿನ ಫಿಲ್ಟರು ಹೊಸದರಲ್ಲಿಯೇ ಕಪ್ಪಾಗಿರುತ್ತದೆ. ಮಡಿಕೆಗಳನ್ನು ಬಿಸಿಲಿಗೆ ಹಿಡಿದು ಬಿಡಿಸಿ ನೋಡಬೇಕು. ಸಂಶಯ ಉಳಿದರೆ ಫಿಲ್ಟರನ್ನು ತೆಗೆದು, ಅರೆನಿಮಿಷ ಬ್ಲೋವರನ್ನು ನಡೆಸಬೇಕು. ಗಾಳಿ ಜೋರಾದರೆ ಅಪರಾಧಿ ಫಿಲ್ಟರು. ಹಾಗೆಯೇ ಇದ್ದರೆ ದೋಷ ಬ್ಲೋವರಿನಲ್ಲೋ ಕಾಯಿಲಿನಲ್ಲೋ ಇದೆ. ಮುಗ್ಗಲು ವಾಸನೆ ಅನೇಕ ವೇಳೆ ತೇವದ ಕಾಯಿಲಿನ ಬೂಷ್ಟಿನಿಂದ ಬರುವುದರಿಂದ, ಹೊಸ ಫಿಲ್ಟರಿನಿಂದ ಅದು ಹೋಗದಿದ್ದರೆ ಅಂಗಡಿಯವನನ್ನು ಬೈಯಬಾರದು.

ಬದಲಿಸುವುದು ಕಷ್ಟವಲ್ಲ. ಬಹಳಷ್ಟು ಕಾರುಗಳಲ್ಲಿ ಫಿಲ್ಟರು ಎಡಗಡೆಯ ಗ್ಲೋವ್ ಬಾಕ್ಸಿನ ಹಿಂದಿರುತ್ತದೆ. ನಿಮ್ಮದು ಎಲ್ಲಿದೆಯೆಂಬುದನ್ನು ಕಾರಿನ ಕೈಪಿಡಿ ತಿಳಿಸುತ್ತದೆ. ಎಂಜಿನ್ನು, ಬ್ಲೋವರು ಎರಡನ್ನೂ ನಿಲ್ಲಿಸಿ. ಪೆಟ್ಟಿಗೆಯನ್ನು ಬರಿದು ಮಾಡಿ, ಎರಡು ಪಕ್ಕಗಳನ್ನು ಒಳಕ್ಕೆ ಒತ್ತಿದರೆ ಅದು ಕೆಳಗೆ ಬಾಗುತ್ತದೆ. ಹಿಂದೆ ಕಾಣುವ ಉದ್ದನೆಯ ಮುಚ್ಚಳವನ್ನು ತೆಗೆದು, ಫಿಲ್ಟರನ್ನು ಅಲುಗಾಡಿಸದೆ ಎಳೆಯಿರಿ. ಅದರ ಅಂಚಿನ ಬಾಣದ ಗುರುತು ಯಾವ ಕಡೆಗಿತ್ತೆಂಬುದನ್ನು ಆಗಲೇ ನೋಡಿಕೊಳ್ಳಿ. ಬಾಣ ಗಾಳಿ ಹರಿಯುವ ದಿಕ್ಕನ್ನು ತೋರಿಸುತ್ತದೆ. ಹಿಂದೆ ಹಾಕಿದವರೇ ತಪ್ಪು ಹಾಕಿರಬಹುದಾದ್ದರಿಂದ ಕೈಪಿಡಿಯೊಡನೆ ತಾಳೆ ನೋಡುವುದು ಲೇಸು. ತೊಟ್ಟಿಯಲ್ಲಿರುವ ಎಲೆ, ಕಸವನ್ನು ಒದ್ದೆ ಅರಿವೆಯಿಂದ ಒರೆಸಿ, ಹೊಸದನ್ನು ಅಂಚು ಮಡಚದಂತೆ ಕೂಡಿಸಿರಿ. ಅಂಚಿನಲ್ಲಿ ಸಂದಿ ಉಳಿದರೆ ಗಾಳಿ ಆ ಸಂದಿಯಿಂದಲೇ ನುಗ್ಗುತ್ತದೆ, ಫಿಲ್ಟರು ಹೆಸರಿಗೆ ಮಾತ್ರ.

ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಇಲ್ಲವೆ 15,000ದಿಂದ 20,000 ಕಿಲೋಮೀಟರಿಗೊಮ್ಮೆ ಬದಲಿಸಬೇಕೆನ್ನುತ್ತಾರೆ. ಧೂಳಿಯ ಊರಿಗೆ ಈ ಲೆಕ್ಕ ಸಾಲದು. ಬೇಸಿಗೆಯ ಧೂಳಿಯನ್ನೆಲ್ಲ ಕುಡಿದ ಫಿಲ್ಟರು ಮಳೆಗಾಲದ ತೇವದಲ್ಲಿ ಉಳಿಯದಂತೆ ಮೃಗಶಿರಾ ಮಳೆಗೆ ಮೊದಲು ಒಮ್ಮೆ, ಸುಗ್ಗಿ ಮುಗಿದ ಮೇಲೆ ಇನ್ನೊಮ್ಮೆ ತೆರೆದು ನೋಡುವುದು ಮೇಲು. ದಿನವಿಡೀ ಬಾಡಿಗೆ ಓಡಿಸುವ ಚಾಲಕರಿಗೆ, ಉಬ್ಬಸದವರಿಗೆ ಇದು ಇನ್ನೂ ಅವಶ್ಯ. ರಸ್ತೆಯ ಬದಿಯಲ್ಲಿ ಹಣ್ಣಿನ ಬುಟ್ಟಿ ಇಟ್ಟು ಕುಳಿತವಳಿಗೆ, ಸೈಕಲ್ಲಿನಲ್ಲಿ ಕಾಲೇಜಿಗೆ ಬರುವ ನಮ್ಮ ಗೆಳೆಯರಿಗೆ ಯಾವ ಫಿಲ್ಟರೂ ಇಲ್ಲವೆಂಬುದು ಬೇರೆ ಲೇಖನದ ವಿಷಯ.

ತೆಗೆದ ಫಿಲ್ಟರನ್ನು ಗೋಡೆಗೆ ಬಡಿದು ಕೊಡವಬೇಡಿರಿ. ಅಷ್ಟು ತಿಂಗಳ ಧೂಳಿ ನಿಮ್ಮ ಮೂಗಿಗೇ ಬರುತ್ತದೆ. ಚೀಲದಲ್ಲಿ ಕಟ್ಟಿ ನಗರಪಾಲಿಕೆಯ ಒಣಕಸಕ್ಕೆ ಕೊಡಿ. ನಾರು ಬಹುಮಟ್ಟಿಗೆ ಪ್ಲಾಸ್ಟಿಕ್ ಜಾತಿಯದಾದ್ದರಿಂದ ಹಿತ್ತಲಲ್ಲಿ ಸುಡುವಂತೆಯೂ ಇಲ್ಲ.